ಮಾರುವಾಗ ಬೇಕಾದ ಸಹಿ ತಗೊಳ್ಳುವಾಗ ಯಾಕೆ ಬೇಡ?

ಅಕ್ಕಂದಿರೇ, ಅತ್ತಿಗೆಯವರೇ, ಚಿಕ್ಕಮ್ಮ ದೊಡ್ಡಮ್ಮನವರೇ, ಈ ಸಲ ಅಡಿಗೆ ಬರೆಯುದಿಲ್ಲ. ಪತ್ರೊಡೆ ಮುಂದಿನ ಸಲಕ್ಕೆ ಇರ್ಲಿ. ಈ ಸಲ ಮನೆಯ ವಿಷಯ. ಗುಡಿಸಿ ಒರೆಸುವ ಮನೆ ಅಲ್ಲ, ಕಾಗದದಲ್ಲಿ ಇರುವ ಮನೆ. ಓದಿ ಸಿಟ್ಟು ಬಂದ್ರೆ ಬರ್ಲಿ. ನಂಗೂ ಸಿಟ್ಟು ಬಂದೇ ಬರೆಯುದು.

ನಮ್ಮ ಕಡೆ ಈಗ ಎಂತ ನಡೀತಾ ಉಂಟು ಅಂತ ನಿಮಗೆ ಗೊತ್ತುಂಟು. ಕಾಪು ಕಡೆಯ ಹಂಚಿನ ಮನೆ ಮಾರಿ ಉಡುಪಿಯಲ್ಲಿ ಫ್ಲ್ಯಾಟು. ಕಾರ್ಕಳದ ತೋಟ, ಮನೆ ಮಾರಿ ಮಣಿಪಾಲದಲ್ಲಿ ಫ್ಲ್ಯಾಟು. ಮಕ್ಕಳು ಬೆಂಗಳೂರು, ದುಬೈ, ಮಸ್ಕತ್ತು. ಊರಲ್ಲಿ ಎರಡು ಮುದಿ ಜೀವ, ಒಂದು ನಾಯಿ, ಹತ್ತು ತೆಂಗಿನ ಮರ. ಕಾಯಿ ತೆಗೀಲಿಕ್ಕೆ ಜನ ಸಿಕ್ಕುದಿಲ್ಲ, ಮಳೆಗಾಲಕ್ಕೆ ಮೊದಲು ಹಂಚು ಸರಿ ಮಾಡ್ಲಿಕ್ಕೆ ಜನ ಸಿಕ್ಕುದಿಲ್ಲ. ಪ್ರಾಯ ಆದ ಮೇಲೆ ಆಸ್ಪತ್ರೆ ಹತ್ತಿರ ಇರ್ಬೇಕು. ಎಲ್ಲ ಸರಿ. ಮಾರುದು ತಪ್ಪು ಅಂತ ನಾನು ಹೇಳುದಿಲ್ಲ. ಫ್ಲ್ಯಾಟು ಕೆಟ್ಟದ್ದು ಅಂತಲೂ ಹೇಳುದಿಲ್ಲ.

ನಾನು ಕೇಳುದು ಒಂದೇ ಪ್ರಶ್ನೆ. ಮಾರುವ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೆಂಗಸರೆಲ್ಲ ಬೇಕು. ಅಮ್ಮ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬೇಕು, ತೀರಿಹೋದ ಅಕ್ಕನ ಮಕ್ಕಳೂ ಬೇಕು. ಮುಂಬಯಿಯಲ್ಲಿ ಇರುವವಳಿಗೆ ರೈಲು ಟಿಕೇಟು ಮಾಡಿ ಕರೆಸ್ತಾರೆ. ಬರ್ಲಿಕ್ಕೆ ಆಗದವಳ ಹತ್ತಿರ ಪವರ್ ಆಫ್ ಅಟಾರ್ನಿ ಮಾಡಿಸ್ತಾರೆ. ಫೋಟೋ ತೆಗೀತಾರೆ, ಹೆಬ್ಬೆಟ್ಟು ಒತ್ತಿಸ್ತಾರೆ, ಮಧ್ಯಾಹ್ನ ಹೋಟೆಲಲ್ಲಿ ಊಟ ಕೊಡಿಸ್ತಾರೆ. ಇದೆಲ್ಲ ಪ್ರೀತಿಯಿಂದ ಅಲ್ಲ. ಒಂದು ಸಹಿ ತಪ್ಪಿದ್ರೆ ತಗೊಳ್ಳುವವನ ವಕೀಲ ಒಪ್ಪುದಿಲ್ಲ, ಅವನಿಗೆ ಬ್ಯಾಂಕು ಸಾಲ ಕೊಡುದಿಲ್ಲ.

ಆರು ತಿಂಗಳ ನಂತರ ಫ್ಲ್ಯಾಟಿನ ರಿಜಿಸ್ಟ್ರಿ. ಅವತ್ತು ಹೋಗುದು ಒಬ್ಬ ಮಗ. ಕ್ರಯಪತ್ರದಲ್ಲಿ ತಗೊಂಡವರು ಅಂತ ಬರೆದದ್ದು ಒಂದೇ ಹೆಸರು. ಹೆಂಗಸರಿಗೆ ಹೇಳುದು, "ನೀವು ಗೃಹಪ್ರವೇಶಕ್ಕೆ ಬಂದ್ರೆ ಸಾಕು, ಹಾಲು ಉಕ್ಕಿಸ್ಲಿಕ್ಕೆ."

ಮಾರುವಾಗ ಅಷ್ಟು ಬೇಕಾದ ಸಹಿ ತಗೊಳ್ಳುವಾಗ ಯಾಕೆ ಬೇಡ? ಹಳೆ ಮನೆಯಲ್ಲಿ ನಮಗೆ ಪಾಲು ಇದ್ದದ್ದಕ್ಕೇ ಅಲ್ವಾ ಸಹಿ ಕೇಳಿದ್ದು? ಆ ಪಾಲು ಹಣ ಆಯ್ತು. ಆ ಹಣ ಫ್ಲ್ಯಾಟು ಆಯ್ತು. ನಡುವೆ ನಮ್ಮ ಹೆಸರು ಎಲ್ಲಿ ಬಿದ್ದು ಹೋಯ್ತು?

ಹಳೆ ಮನೆ ಹೋಯ್ತು ಅಂತ ಅಳುವವರು ಬೇಕಾದಷ್ಟು ಜನ ಇದ್ದಾರೆ. ಜಗಲಿ ಹೋಯ್ತು, ಅಂಗಳ ಹೋಯ್ತು, ಕೆತ್ತನೆಯ ಕಂಬ ಗುಜರಿಗೆ ಹೋಯ್ತು ಅಂತ ಫೋಟೋ ಹಾಕ್ತಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡದವರು ಒಮ್ಮೆ ಹೋಗಿ ನೋಡಿ. 2017ರಲ್ಲಿ ತೀರಿಹೋದ ವಿಜಯನಾಥ ಶೆಣೈಯವರು ಬೀಳ್ಲಿಕ್ಕೆ ಆದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಪುನಃ ನಿಲ್ಲಿಸಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ ಅಲ್ಲಿ ಉಂಟು, ಕಾರ್ಕಳದ ಮಿಯಾರಿನ ಮನೆ ಉಂಟು. ದೊಡ್ಡ ಕೆಲಸ, ಕೈ ಮುಗೀಬೇಕು.

ಆದರೆ ಕಂಬಕ್ಕೆ, ಬಾಗಿಲಿಗೆ ಅಳ್ಳಿಕ್ಕೆ ನನ್ನಿಂದ ಆಗುದಿಲ್ಲ. ಆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿದವರು ಗಂಡಸರು. ಹೆಂಗಸರು ಇದ್ದದ್ದು ಒಳಗೆ, ಹೊಗೆ ತುಂಬಿದ ಕತ್ತಲೆಯಲ್ಲಿ, ಚಂಡಿ ಮಡಲು ಉರಿಯುದಿಲ್ಲ ಅಂತ ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡು. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದವರಿಗೆ ಸೊಂಟ ನೋವು ಇವತ್ತಿಗೂ ಉಂಟು. ಗ್ಯಾಸು, ಮಿಕ್ಸಿ, ನಳ್ಳಿ ನೀರು, ಒಳಗೇ ಬಚ್ಚಲು, ಇದನ್ನು ಬೇಡ ಅಂತ ಹೇಳುವ ಹೆಂಗಸು ನನಗೆ ಒಬ್ಬಳೂ ಸಿಕ್ಕಿಲ್ಲ. ಹಂಚು, ಮುರಕಲ್ಲು, ಕಂಬ ಎಲ್ಲ ಹೋಗ್ಲಿ. ಅದರ ಕೆಳಗೆ ನಮ್ಮದೊಂದು ಪಾಲು ಇತ್ತಲ್ಲ, ನಾನು ಕೇಳುದು ಅದನ್ನು.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸತು ಅಂತ ಯಾರೂ ಹೇಳ್ಬೇಡಿ. ಇದು ಅಳಿಯಕಟ್ಟಿನ ಊರು. ಬಂಟರು, ಬಿಲ್ಲವರು, ಮೊಗವೀರರು ಮತ್ತೆ ಎಷ್ಟೋ ಜಾತಿಯವರ ಮನೆಗಳಲ್ಲಿ ಕುಟುಂಬ ಅಂತ ಲೆಕ್ಕ ಹಾಕಿದ್ದು ತಾಯಿಯಿಂದ, ಕವರು ಅಂತ ಲೆಕ್ಕ ಹಾಕಿದ್ದು ಹೆಂಗಸಿನಿಂದ. ಯಜಮಾನ ಇದ್ದ ಹಾಗೆ ಯಜಮಾನ್ತಿಯೂ ಇದ್ದಳು. ನಾವು ಮದ್ರಾಸಿಗೆ ಸೇರಿದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ ಅಂತಲೇ ಒಂದು ಬಂತು, ಕವರು ಲೆಕ್ಕದಲ್ಲಿ ಪಾಲು ಕೇಳ್ಲಿಕ್ಕೆ ದಾರಿ ಆಯ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು.

ಆಗ ಹೆಂಗಸರ ರಾಜ್ಯ ಇತ್ತು ಅಂತ ನಾನು ಬುರುಡೆ ಬಿಡುದಿಲ್ಲ. ಹೆಚ್ಚಿನ ಮನೆಗಳಲ್ಲಿ ಕೀಲಿಕೈ ಇದ್ದದ್ದು ಮಾವನ ಸೊಂಟದಲ್ಲೇ. ಗೇಣಿ ಲೆಕ್ಕ ಅವನದ್ದೇ, ಕೋರ್ಟು ವ್ಯಾಜ್ಯ ಅವನದ್ದೇ. ಆದರೆ ಒಂದು ಧೈರ್ಯ ಇತ್ತು. ಗಂಡ ಸತ್ರೂ, ಗಂಡನ ಮನೆಯಲ್ಲಿ ಬೈದ್ರೂ, ಮಕ್ಕಳನ್ನು ಕಟ್ಟಿಕೊಂಡು ವಾಪಾಸು ಬರ್ಲಿಕ್ಕೆ ಒಂದು ಮನೆ ಇತ್ತು. ಅಲ್ಲಿ ಅವಳು ನೆಂಟಳು ಅಲ್ಲ. ಈಗ ಮಗನ ಹೆಸರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಮ್ಮನೂ ನೆಂಟಳು, ಅಕ್ಕನೂ ನೆಂಟಳು.

ಮಕ್ಕಳಕಟ್ಟಿನ ಮನೆಯವರಿಗೆ ಇದು ಸಂಬಂಧ ಇಲ್ಲ ಅಂತಲೂ ಇಲ್ಲ. 1956ರ ಕಾಯ್ದೆಯಿಂದಲೇ, ಅಪ್ಪ ಸ್ವಂತ ಸಂಪಾದಿಸಿದ್ದನ್ನು ಉಯಿಲು ಬರೆಯದೆ ತೀರಿಹೋದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ರೆ ಅವನ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನು ಉಂಟು. ಅಪ್ಪ ಅದಕ್ಕೆ ಮೊದಲೇ ತೀರಿಹೋಗಿದ್ರೂ ಹಕ್ಕು ಹೋಗುದಿಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿ ಪಾಲು ಮುಗಿದಿದ್ರೆ ಮಾತ್ರ ಅದನ್ನು ಕೆದಕ್ಲಿಕ್ಕೆ ಆಗುದಿಲ್ಲ. ಮುಸ್ಲಿಂ, ಕ್ರಿಶ್ಚಿಯನ್ ಮನೆಗಳಿಗೆ ಕಾನೂನು ಬೇರೆ. ಆದರೆ ಹಾಲು ಉಕ್ಕಿಸುವವಳು ಒಬ್ಬಳು, ಹೆಸರು ಹಾಕಿಸಿಕೊಳ್ಳುವವ ಇನ್ನೊಬ್ಬ ಅನ್ನುದು ಅಲ್ಲಿಯೂ ಕಾಣ್ತದೆ ಅಂತ ನೆರೆಕರೆಯವರು ಹೇಳ್ತಾರೆ.

ಮತ್ತೊಂದು ಹಳೆ ಕಥೆ ನೆನಪು ಮಾಡಿ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಆಗಿ ಎಷ್ಟೋ ಗೇಣಿ ಒಕ್ಕಲಿನ ಮನೆಗಳಿಗೆ ಭೂಮಿ ಬಂತು. ಒಳ್ಳೆಯದೇ ಆಯ್ತು. ನೇಜಿ ನೆಟ್ಟದ್ದು ಹೆಂಗಸರು, ಕಳೆ ಕಿತ್ತದ್ದು ಹೆಂಗಸರು, ಭತ್ತ ಬೇಯಿಸಿ ಕುಟ್ಟಿದ್ದು ಹೆಂಗಸರು. ಅರ್ಜಿಯಲ್ಲಿ ಬರೆದ ಹೆಸರು ಹೆಚ್ಚಿನ ಮನೆಗಳಲ್ಲಿ ಅಜ್ಜನದ್ದು. ಅವತ್ತು ನಮ್ಮ ಅಜ್ಜಿಯಂದಿರಿಗೆ ಓದ್ಲಿಕ್ಕೆ ಬರುತ್ತಿರಲಿಲ್ಲ, ಕೇಳ್ಲಿಲ್ಲ. ನಮಗೆ ಓದ್ಲಿಕ್ಕೆ ಬರ್ತದೆ. ನಾವು ಯಾಕೆ ಕೇಳುದಿಲ್ಲ?

ಇನ್ನೂ ಒಂದು ಉಂಟು. ಕುಟುಂಬದ ಮನೆಯಲ್ಲಿ ನೇಮ ಬಂದಾಗ, ನಾಗನಿಗೆ ತಂಬಿಲ ಬಂದಾಗ, ದೈವದ ಗುಡಿ ರಿಪೇರಿ ಬಂದಾಗ ಫೋನು ಬರ್ತದೆ. "ಅಕ್ಕ, ನಿಮ್ಮ ಲೆಕ್ಕದ್ದು ಇಷ್ಟು ಆಗ್ತದೆ." ವಂತಿಗೆ ಎತ್ತುವಾಗ ಅಕ್ಕ ತಂಗಿ ಲೆಕ್ಕಕ್ಕೆ ಉಂಟು. ಹಣ ಹಂಚುವಾಗ ಅದೇ ಅಕ್ಕ ತಂಗಿ "ಕೊಟ್ಟ ಹೆಣ್ಣು".

ಇದನ್ನೆಲ್ಲ ಹೇಳಿದ್ರೆ ಬರುವ ಉತ್ತರಗಳು ನಂಗೆ ಬಾಯಿಪಾಠ. ಒಂದೊಂದಾಗಿ ನೋಡುವ.

"ನಮ್ಮ ಮಗನೇ ಅಲ್ವಾ, ಅವನ ಹೆಸರಲ್ಲಿ ಇದ್ರೆ ಎಂತ?" ಮಗ ಒಳ್ಳೆಯವನು ಅಂತಲೇ ಇಟ್ಟುಕೊಳ್ಳುವ. ಹೆಚ್ಚಿನ ಮಕ್ಕಳು ಒಳ್ಳೆಯವರೇ. ಆದರೆ ಒಳ್ಳೆಯ ಮಗನಿಗೂ ಬಿಸಿನೆಸ್ ಲಾಸ್ ಆಗ್ತದೆ, ಒಳ್ಳೆಯ ಮಗನೂ ಇನ್ನೊಬ್ಬನಿಗೆ ಜಾಮೀನು ನಿಲ್ತಾನೆ, ಒಳ್ಳೆಯ ಮಗನಿಗೂ ಏನಾದ್ರೂ ಹೆಚ್ಚುಕಮ್ಮಿ ಆಗ್ತದೆ. ಬ್ಯಾಂಕಿನವರು ಬಾಗಿಲಿಗೆ ನೋಟೀಸು ಅಂಟಿಸುವಾಗ ಒಳಗೆ ಇರುವ ಅಮ್ಮನ ಹತ್ತಿರ "ನಿಮ್ಮ ಮಗ ಒಳ್ಳೆಯವನಾ" ಅಂತ ಕೇಳುದಿಲ್ಲ. ಕಾಗದದಲ್ಲಿ ಯಾರ ಹೆಸರು ಅಂತ ಮಾತ್ರ ನೋಡುದು. ಮಗನ ಮೇಲೆ ನಂಬಿಕೆ ಇಲ್ಲದ್ದಕ್ಕೆ ಹೆಸರು ಹಾಕುದಲ್ಲ. ಅವನು ಸ್ಕೂಟರಿಗೆ ಇನ್ಶೂರೆನ್ಸ್ ಮಾಡುದು ನಿಮ್ಮ ಮೇಲೆ ನಂಬಿಕೆ ಇಲ್ಲದ್ದಕ್ಕಾ?

"ಹಿರಿಯರನ್ನು ನೋಡದಿದ್ರೆ ಕಾನೂನು ಉಂಟಲ್ಲ?" ಉಂಟು, 2007ರದ್ದು. ನೋಡಿಕೊಳ್ಳಬೇಕು ಅಂತ ಷರತ್ತು ಬರೆದು ಆಸ್ತಿ ಕೊಟ್ಟು, ಆಮೇಲೆ ನೋಡಿಕೊಳ್ಳದಿದ್ರೆ, ಕೊಟ್ಟದ್ದನ್ನು ರದ್ದು ಮಾಡ್ಲಿಕ್ಕೆ ಅದರಲ್ಲಿ ದಾರಿ ಉಂಟು. ನಮ್ಮ ಜಿಲ್ಲೆಯವರು ಅದಕ್ಕೆ ಕುಂದಾಪುರದ ಎಸಿ ಆಫೀಸಿಗೆ ಹೋಗ್ಬೇಕು. ಆದರೆ ಆ ಷರತ್ತು ಪತ್ರದಲ್ಲಿ ಬರೆದಿರ್ಬೇಕು. ನೀವು ಮನೆ ಮಾರಿ, ಬಂದ ಹಣವನ್ನು ಮಗನ ಖಾತೆಗೆ ಹಾಕಿ, ಅವನು ಅವನ ಹೆಸರಲ್ಲಿ ಫ್ಲ್ಯಾಟು ತಗೊಂಡ್ರೆ ಷರತ್ತು ಎಲ್ಲಿ ಬರೆದಿದ್ದೀರಿ? ಹಾಲು ಉಕ್ಕಿಸಿದ ಪಾತ್ರೆಯಲ್ಲಾ?

"ಲೋನು ಅವನ ಹೆಸರಲ್ಲಿ, ಅಮ್ಮನಿಗೆ ಪ್ರಾಯ ಆಯ್ತು, ಬ್ಯಾಂಕು ಒಪ್ಪುದಿಲ್ಲ." ಇದರಲ್ಲಿ ಸ್ವಲ್ಪ ನಿಜ ಉಂಟು. ಮಾಲಕರೆಲ್ಲ ಸಾಲಕ್ಕೂ ಸೇರ್ಬೇಕು ಅಂತ ಬ್ಯಾಂಕಿನವರು ಸಾಮಾನ್ಯವಾಗಿ ಕೇಳ್ತಾರೆ, ಪ್ರಾಯದ ಮಿತಿಯೂ ಉಂಟು. ಆದರೆ "ಒಪ್ಪುದಿಲ್ಲ" ಅಂತ ಹೇಳಿದ್ದು ಬ್ಯಾಂಕಾ, ಮಗನಾ? ನೀವೇ ಹೋಗಿ ಕೇಳಿ. ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಇದೇ ಉಡುಪಿಯಲ್ಲಿ. ಪಿಗ್ಮಿ ಕಟ್ಟಿ ಕಟ್ಟಿ ಸಿಂಡಿಕೇಟನ್ನು ಬೆಳೆಸಿದವರಲ್ಲಿ ನಮ್ಮ ಹೆಂಗಸರೂ ಇದ್ದರು. ದಿನಾ ಬಾಗಿಲಿಗೆ ಬಂದು ಚಿಲ್ಲರೆ ತಗೊಂಡು ಹೋದ ಬ್ಯಾಂಕಿನ ಒಳಗೆ ಹೋಗಿ ಒಂದು ಪ್ರಶ್ನೆ ಕೇಳ್ಲಿಕ್ಕೆ ಹೆದರಿಕೆ ಯಾಕೆ? ಹೆಸರು ಹಾಕ್ಲಿಕ್ಕೆ ಆಗುದೇ ಇಲ್ಲ ಅಂತಾದ್ರೆ ನಿಮ್ಮ ಪಾಲಿನ ಹಣ ನಿಮ್ಮ ಹೆಸರಲ್ಲಿ ಠೇವಣಿ ಇರ್ಲಿ. ಇಲ್ಲವೇ ಬದುಕಿರುವ ತನಕ ಆ ಮನೆಯಲ್ಲಿ ವಾಸದ ಹಕ್ಕು ಅಂತ ವಕೀಲರಿಂದ ಬರೆಸಿ ರಿಜಿಸ್ಟರ್ ಮಾಡಿಸಿ. ದಾರಿ ಇಲ್ಲ ಅನ್ನುದು ಸುಳ್ಳು.

"ಮದುವೆಗೆ ಚಿನ್ನ ಹಾಕಿದ್ದೇವಲ್ಲ." ಇದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವ ಮಾತು. ಚಿನ್ನ ಹಾಕಿದ್ದು ಹೌದು, ಸೆಂಟ್ಸು ಲೆಕ್ಕದಲ್ಲಿ ಹಾಕಿದ್ದಲ್ಲ. ಅಣ್ಣನ ಎಂಜಿನಿಯರಿಂಗಿಗೆ, ತಮ್ಮನ ಗಲ್ಫ್ ವೀಸಕ್ಕೆ ಖರ್ಚು ಮಾಡಿದ್ದನ್ನು ಯಾರಾದ್ರೂ ಅವರ ಪಾಲಿನಲ್ಲಿ ಕಳೆದದ್ದು ಕಂಡಿದ್ದೀರಾ? ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುದು ಚಿನ್ನ ನೆನಪಾಗಿ ಅಲ್ಲ. ಇಲ್ಲ ಅಂದ್ರೆ ತವರುಮನೆ ಬಾಗಿಲು ಮುಚ್ಚುತ್ತದೆ, ಅಷ್ಟಮಿಗೆ, ಚೌತಿಗೆ ಬಾ ಅಂತ ಕರೆಯುವವರು ಇಲ್ಲ ಅಂತ ಹೆದರಿ. ಸಹಿ ಹಾಕದಿದ್ರೆ ಮುಚ್ಚುವ ಬಾಗಿಲು ನಿಜವಾಗಿ ತೆರೆದೇ ಇತ್ತಾ ಅಂತ ಕೂಡ ಕೇಳ್ಬೇಕಲ್ಲ. ಬೇಡ ಅಂತ ಮನಸ್ಸಿಂದ ಬಿಟ್ಟುಕೊಟ್ರೆ ಅದು ಅವಳ ದೊಡ್ಡತನ. ಕೇಳದೆಯೇ ಬಿಡಿಸಿಕೊಂಡ್ರೆ ಅದಕ್ಕೆ ಬೇರೆ ಹೆಸರು ಉಂಟು.

"ಹೆಂಗಸರಿಗೆ ಜಾಗ, ಫ್ಲ್ಯಾಟು ಎಲ್ಲ ಎಂತ ಗೊತ್ತಾಗ್ತದೆ?" ಈ ಮಾತು ಕೇಳಿದ್ರೆ ನನಗೆ ಮಂಡೆಬೆಚ್ಚ ಆಗುದು. ಬೆಟ್ಟು, ಮಜಲು, ಬೈಲು ಅಂತ ಗದ್ದೆಯಲ್ಲಿ ನಡು ಬಗ್ಗಿಸಿದ ಯಾವ ಅಜ್ಜಿಯ ಹತ್ತಿರ ಕೇಳಿದ್ರೂ ಹೇಳುತ್ತಿದ್ದಳು, ಬೈಲಿನಲ್ಲಿ ಮನೆ ಕಟ್ಟುದಿಲ್ಲ ಅಂತ. ನೀರು ನಿಲ್ಲುವ ಜಾಗ ಅದು. ಗುಂಡಿಬೈಲು, ಬೈಲಕೆರೆ ಅಂತ ಹೆಸರಿನಲ್ಲೇ ಉಂಟಲ್ಲ, ಗುಂಡಿ, ಬೈಲು, ಕೆರೆ! 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ಕಲ್ಸಂಕ, ಗುಂಡಿಬೈಲು, ಬೈಲಕೆರೆ ಕಡೆಯ ಮನೆಗಳಿಗೆ ನೀರು ನುಗ್ಗಿದ್ದು ನಾವೆಲ್ಲ ಕಂಡದ್ದು. ಮಣ್ಣು ತುಂಬಿಸಿದ ಕೂಡಲೇ ಬೈಲು ಬೆಟ್ಟು ಆಗುದಿಲ್ಲ.

ನೀರಿನ ಕಥೆಯೂ ಹಾಗೆಯೇ. ಬ್ರೋಷರಿನಲ್ಲಿ ಜಿಮ್ ಉಂಟಾ, ಕಾರ್ ಪಾರ್ಕಿಂಗ್ ಉಂಟಾ ಅಂತ ಗಂಡಸರು ನೋಡುದು. ಬಾವಿ ಉಂಟಾ, ಏಪ್ರಿಲಲ್ಲಿ ಬತ್ತುತ್ತದಾ ಅಂತ ಕೇಳುದು ಹೆಂಗಸರು. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆಯಿಂದ ನೀರು. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ತಳ ಕಂಡು, ನದಿಯ ಹೊಂಡಗಳಿಂದ ಪಂಪು ಹಾಕಿ ನೀರು ತಂದು, ವಾರ್ಡು ಲೆಕ್ಕದಲ್ಲಿ ಸರದಿಯಲ್ಲಿ ಬಿಟ್ಟರು. 2023ರಲ್ಲಿ ಮಳೆ ತಡ ಆದಾಗ ಪುನಃ ಅದೇ ರಗಳೆ. ಆಗ ನಾಲ್ಕನೇ ಮಾಳಿಗೆಯಲ್ಲಿ ಬಕೇಟು ಹಿಡ್ಕೊಂಡು ನಿಂತದ್ದು ಯಾರು?

ಇಲ್ಲಿಯೇ ಹೆಸರಿನ ಪ್ರಶ್ನೆ ಬರುದು. ಟ್ಯಾಂಕರ್ ತರಿಸ್ಬೇಕಾ, ಬೋರು ತೆಗೀಬೇಕಾ, ಮಳೆನೀರು ಬಾವಿಗೆ ಇಳಿಸ್ಬೇಕಾ, ಟೆರೇಸಿನಲ್ಲಿ ಹಪ್ಪಳ ಒಣಗಿಸ್ಬಹುದಾ ಅಂತ ತೀರ್ಮಾನ ಮಾಡುದು ಅಸೋಸಿಯೇಶನ್ ಮೀಟಿಂಗಿನಲ್ಲಿ. ಅಲ್ಲಿ ಓಟು ಮಾಲಕರಿಗೆ. ಮಾಲಕ ಬೆಂಗಳೂರಿನಲ್ಲೋ ಮಸ್ಕತ್ತಿನಲ್ಲೋ ಕೂತು ವಾಟ್ಸಾಪಿನಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ದಿನಾ ಆ ನೀರಿನಲ್ಲಿ ಅನ್ನ ಮಾಡುವವಳು ಮೀಟಿಂಗಿಗೆ ಚಾ ಮಾಡಿ ಕೊಡ್ತಾಳೆ. ಹೆಸರು ಅಂದ್ರೆ ಬರೀ ಆಸ್ತಿಯ ಆಸೆ ಅಂತ ತಿಳೀಬೇಡಿ. ಹೆಸರು ಇದ್ರೆ ಮಾತಾಡ್ಲಿಕ್ಕೆ ಒಂದು ಕುರ್ಚಿ ಸಿಗ್ತದೆ.

ಸರಕಾರಕ್ಕೂ ಒಂದು ಮಾತು ಹೇಳ್ಬೇಕು. ದೆಹಲಿಯಲ್ಲಿ ಹೆಂಗಸಿನ ಹೆಸರಲ್ಲಿ ರಿಜಿಸ್ಟ್ರಿ ಮಾಡಿದ್ರೆ ಮುದ್ರಾಂಕ ಶುಲ್ಕ ನೂರಕ್ಕೆ 2 ರೂಪಾಯಿ ಕಮ್ಮಿ. ಮಹಾರಾಷ್ಟ್ರದಲ್ಲಿ ನೂರಕ್ಕೆ 1 ರೂಪಾಯಿ ಕಮ್ಮಿ. 50 ಲಕ್ಷದ ಫ್ಲ್ಯಾಟಿಗೆ 2 ರೂಪಾಯಿ ಲೆಕ್ಕದಲ್ಲಿ 1 ಲಕ್ಷ ಉಳೀತದೆ. ಆ 1 ಲಕ್ಷಕ್ಕಾದ್ರೂ ಗಂಡಸರಿಗೆ ಹೆಂಡತಿಯ, ಅಮ್ಮನ ಹೆಸರು ನೆನಪಾಗ್ತದೆ. ನಮ್ಮ ಕರ್ನಾಟಕದಲ್ಲಿ ಹಾಗೆ ಹೆಂಗಸರಿಗೆ ಅಂತ ರಿಯಾಯಿತಿ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಹೆಂಗಸಿನ ಹೆಸರಲ್ಲಿ ಅಥವಾ ಜಂಟಿ ಹೆಸರಲ್ಲಿ ಅಂತ ನಿಯಮ ಉಂಟು. ಬಡವರ ಮನೆಯಲ್ಲಿ ಆಗುದಾದ್ರೆ ಉಳಿದವರ ಮನೆಯಲ್ಲಿ ಯಾಕೆ ಆಗುದಿಲ್ಲ? ಓಟು ಕೇಳ್ಲಿಕ್ಕೆ ಬರುವವರ ಹತ್ತಿರ ಸೀರೆ, ಕುಕ್ಕರ್ ಕೇಳುದು ಬಿಟ್ಟು ಇದನ್ನು ಕೇಳಿ.

ಈಗ ಸ್ವಲ್ಪ ಖಾರ ನಮಗೇ. ಅತ್ತೆಯ ಹೆಸರು ಬೇಡ ಅಂತ ಸೊಸೆ ಹೇಳುದು, ಸೊಸೆಯ ಹೆಸರು ಬೇಡ ಅಂತ ಅತ್ತೆ ಹೇಳುದು, ಇದೂ ಉಂಟು. ಮಣಿಪಾಲದಲ್ಲಿ ಕೆಲಸಕ್ಕೆ ಹೋಗುವ ಸೊಸೆಯಂದಿರು ಎಷ್ಟು ಜನ ಇಲ್ಲ? ಗಂಡನ ಸಂಬಳ ಕಂತಿಗೆ, ಹೆಂಡತಿಯ ಸಂಬಳ ತರಕಾರಿ, ಫೀಸು, ಗ್ಯಾಸು, ಮೈಂಟೆನೆನ್ಸಿಗೆ. ಹದಿನೈದು ವರ್ಷ ಕಳೆದ ಮೇಲೆ ಕಂತು ಕಟ್ಟಿದವನಿಗೆ ಮನೆ, ತರಕಾರಿ ತಂದವಳಿಗೆ ಖಾಲಿ ಚೀಲ. "ನಾಳೆ ಡೈವೋರ್ಸ್ ಮಾಡಿ ಅರ್ಧ ಮನೆ ತಗೊಂಡು ಹೋದ್ರೆ?" ಅಂತ ಅತ್ತೆ ಹೆದರುದು. ಅದೇ ಅತ್ತೆಯ ಮಗಳು ಬೇರೆ ಮನೆಯಲ್ಲಿ ತರಕಾರಿ ತರ್ತಾ ಇರ್ತಾಳೆ. ಒಬ್ಬಳ ಹೆಸರು ಅಳಿಸಿ ಇನ್ನೊಬ್ಬಳಿಗೆ ಮನೆ ಆಗುದಿಲ್ಲ. ಇಬ್ಬರ ಜಗಳದಲ್ಲಿ ಕಾಗದದಲ್ಲಿ ಉಳಿಯುದು ಯಾವಾಗಲೂ ಮೂರನೆಯವನ ಹೆಸರು.

ಹಾಗಾದ್ರೆ ಎಂತ ಮಾಡುದು? ನಾನು ವಕೀಲಳಲ್ಲ. ವಕೀಲರ ಹತ್ತಿರ ಹೋಗಿ, ಮನೆಯವರ ವಕೀಲ ಅಲ್ಲ, ನಿಮ್ಮ ವಕೀಲ. ಅವರಿಗೆ ಕೊಡುವ ಫೀಸು ಒಂದು ರೇಷ್ಮೆ ಸೀರೆಯ ಹಣ ಅಂತ ತಿಳ್ಕೊಳ್ಳಿ. ಹೋಗುವ ಮೊದಲು ಇಷ್ಟು ಮನಸ್ಸಿನಲ್ಲಿ ಇರ್ಲಿ.

ಓದದ ಕಾಗದಕ್ಕೆ ಸಹಿ ಬೇಡ. "ಸುಮ್ಮನೆ ಫಾರ್ಮಾಲಿಟಿ" ಅಂತ ಹೇಳಿದ ಕಾಗದವನ್ನು ಎರಡು ಸಲ ಓದಿ. ಕ್ರಯಪತ್ರವಾ, ಬಿಡುಗಡೆ ಪತ್ರವಾ, ದಾನಪತ್ರವಾ, ಪವರ್ ಆಫ್ ಅಟಾರ್ನಿಯಾ ಅಂತ ಮೇಲಿನ ಸಾಲಿನಲ್ಲೇ ಬರೆದಿರ್ತದೆ. ಕ್ರಯಪತ್ರಕ್ಕೆ ಸಹಿ ಹಾಕಿದವಳಿಗೆ ಹಣದ ಪಾಲು ಉಂಟು. ಬಿಡುಗಡೆ ಪತ್ರಕ್ಕೆ ಹಾಕಿದವಳದ್ದು ಅದರಲ್ಲಿ ಎಂತ ಬರೆದಿದೆಯೋ ಅಷ್ಟೇ.

ನಿಮ್ಮ ಪಾಲಿನ ಹಣ ನಿಮ್ಮ ಖಾತೆಗೆ, ಚೆಕ್ಕಿನಲ್ಲಿ ಬರ್ಲಿ. ಆಮೇಲೆ ಮಗನಿಗೆ ಕೊಡುದಾದ್ರೆ ನಿಮ್ಮ ಖಾತೆಯಿಂದ ಕೊಡಿ, ಕೊಟ್ಟದ್ದಕ್ಕೆ ದಾಖಲೆ ಇರ್ತದೆ. ಟ್ಯಾಕ್ಸಿನ ದೃಷ್ಟಿಯಿಂದಲೂ ಇದೇ ಸರಿ. ಮನೆ ಮಾರಿದ ಲಾಭಕ್ಕೆ, ಆ ಹಣದಿಂದ ಇನ್ನೊಂದು ಮನೆ ತಗೊಂಡ್ರೆ ರಿಯಾಯಿತಿ ಉಂಟು. ಮಾರಿದವರು ಒಬ್ಬರು, ಹೊಸ ಮನೆ ಇನ್ನೊಬ್ಬರ ಹೆಸರಲ್ಲಿ ಅಂತಾದ್ರೆ ಆ ರಿಯಾಯಿತಿಗೆ ತೊಡಕು ಬರ್ತದೆ. ಗಂಡಸರಿಗೆ ನ್ಯಾಯ ಅರ್ಥ ಆಗದಿದ್ರೂ ಟ್ಯಾಕ್ಸು ಅರ್ಥ ಆಗ್ತದೆ, ಅದನ್ನೇ ಹೇಳಿ.

ಹೊಸ ಕ್ರಯಪತ್ರದಲ್ಲಿ ಜಂಟಿ ಹೆಸರು ಹಾಕುವಾಗ ಯಾರಿಗೆ ಎಷ್ಟು ಪಾಲು ಅಂತಲೂ ಬರೆಸಿ. ಬಿಲ್ಡರಿನ ಹತ್ತಿರ ಬುಕ್ ಮಾಡುವಾಗಲೇ ಹೆಸರು ಸೇರಿಸಿ. 2016ರ ರೇರಾ ಕಾಯ್ದೆ ಪ್ರಕಾರ ಒಪ್ಪಂದ ರಿಜಿಸ್ಟರ್ ಮಾಡದೆ ಬಿಲ್ಡರು ನೂರಕ್ಕೆ 10ಕ್ಕಿಂತ ಹೆಚ್ಚು ಹಣ ತಗೊಳ್ಳುವ ಹಾಗಿಲ್ಲ. ಆ ಒಪ್ಪಂದದಲ್ಲೇ ನಿಮ್ಮ ಹೆಸರು ಇರ್ಲಿ. "ಆಮೇಲೆ ಸೇರಿಸುವ" ಅಂದ್ರೆ ಆ ಆಮೇಲೆ ಬರುದೇ ಇಲ್ಲ.

ಮತ್ತೆ ತಂಗಿಯಂದಿರಿಗೆ: ಅಣ್ಣನ ಹತ್ತಿರ ಜಗಳ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಅಮ್ಮನ ಎದುರು, ಎಲ್ಲರೂ ಊಟ ಮಾಡಿ ಕೂತಾಗ, ಮೆಲ್ಲ ಕೇಳಿ. "ಅಣ್ಣ, ಹಳೆ ಮನೆಗೆ ಎಷ್ಟು ಬಂತು? ಹೊಸದರಲ್ಲಿ ಅಮ್ಮನ ಹೆಸರು ಉಂಟಾ?" ಇಷ್ಟೇ. ಆಮೇಲೆ ಮನೆಯಲ್ಲಿ ಎಷ್ಟು ಹೊತ್ತು ಯಾರೂ ಮಾತಾಡುದಿಲ್ಲ ನೋಡಿ, ಉತ್ತರ ಎಂತ ಅಂತ ಅದರಲ್ಲೇ ಗೊತ್ತಾಗ್ತದೆ.

ನಿಮ್ಮ ಮನೆಯಲ್ಲಿ ಮಾರುವ ಮಾತು ಈಗಲೇ ಶುರು ಆಗಿದ್ರೆ ಇನ್ನೂ ತಡ ಆಗ್ಲಿಲ್ಲ. ಮಾರುವ ಕಾಗದ, ತಗೊಳ್ಳುವ ಕಾಗದ ಎರಡೂ ಒಟ್ಟಿಗೆ ಮೇಜಿನ ಮೇಲೆ ಬರ್ಲಿ ಅಂತ ಹೇಳಿ. ಎರಡನೆಯದ್ದರಲ್ಲಿ ನಮ್ಮ ಹೆಸರು ಕಾಣುವ ತನಕ ಮೊದಲನೆಯದ್ದಕ್ಕೆ ಪೆನ್ನು ಮುಟ್ಟುದು ಬೇಡ.